ಮುಂದಿನ ಗಾಲಿಯ ಡಿಸ್ಕು

ಮನ್ಮಥಪ್ಪ ಮೋಟರ್‌ಸೈಕಲ್ಲಿನಿಂದ ಬಿಚ್ಚಿದ ಬ್ರೇಕ್ ಡಿಸ್ಕನ್ನು ಬಟ್ಟೆಯಿಂದ ಒರೆಸಿ ಉಮರ್ಗಾದ ತನ್ನ ಗ್ಯಾರೇಜಿನ ಮೂಲೆಯಲ್ಲಿದ್ದ ಗಾಜಿನ ತುಂಡಿನ ಮೇಲೆ ಮಲಗಿಸಿದ. ಒಂದು ಕಡೆ ಬೆರಳಿಟ್ಟು ಒತ್ತಿದರೆ ಇನ್ನೊಂದು ಕಡೆ ಎದ್ದು, ಬೆರಳು ತೆಗೆದೊಡನೆ ಟಕ್ ಎಂದು ಕೂತಿತು. ಅವನು ಬಾಯಿ ತೆರೆಯುವ ಮೊದಲೇ ಶಿವಕಾಂತಾಳಿಗೆ ಸಂಗತಿ ತಿಳಿಯಿತು.

"ಸೊಟ್ಟ ಆಗ್ಯದ," ಅಂದ ಮನ್ಮಥಪ್ಪ. "ಅದೊಂದೇ ಅಲ್ಲ, ಸವದೂ ಸವದದ. ಈ ಅಂಚಿಗಿ ಉಗುರು ಹಚ್ಚಿ ನೋಡ್ರಿ."

ಅವಳು ಹಚ್ಚಿ ನೋಡಿದಳು. ಬ್ರೇಕ್ ಪ್ಯಾಡು ಹಿಡಿಯುವ ಜಾಗವೆಲ್ಲ ಒಳಗಿಳಿದು, ಹೊರ ಅಂಚೊಂದು ಊಟದ ತಾಟಿನ ಕಂಠದ ಹಾಗೆ ಎದ್ದು ನಿಂತಿತ್ತು. ಡಿಸ್ಕಿನ ಮೇಲೆ ಸಣ್ಣದಾಗಿ ಒತ್ತಿದ್ದ ಮೂರೂವರೆ ಎಂಬ ಅಂಕಿಯನ್ನು ಮನ್ಮಥಪ್ಪ ತೋರಿಸಿದ. ದಪ್ಪ ಅಷ್ಟು ಮಿಲಿಮೀಟರಿಗಿಂತ ಕಡಿಮೆಯಾದ ಡಿಸ್ಕನ್ನು ಗಾಡಿಗೆ ಹಾಕಬಾರದು, ಇದು ಮೂರಕ್ಕೂ ಕೆಳಗಿಳಿದಿದೆ, ಇಷ್ಟು ದಿನ ನಿಮ್ಮನ್ನು ಹೊತ್ತು ತಿರುಗಿದ್ದೇ ದೊಡ್ಡದು ಎಂದ. ಹೊಸದು ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಮಾತ್ರ ಅವನು ತಲೆ ಕೆರೆದುಕೊಂಡ. ಹದಿನೆಂಟು ವರ್ಷದ ಹಳೆಯ ಮೋಟರ್‌ಸೈಕಲ್ಲು. ಆ ಮಾಡೆಲ್ ನಿಂತು ಬಹಳ ಕಾಲವಾಗಿತ್ತು. ಉಮರ್ಗಾದ ಅಂಗಡಿಗಳಲ್ಲಿದ್ದ ಡುಪ್ಲಿಕೇಟು ಡಿಸ್ಕುಗಳಿಗೆ ನಾಲ್ಕು ತೂತು, ಇದಕ್ಕೆ ಐದು ಬೇಕು. ಪುಣೆಯಿಂದ ತರಿಸಿದರೆ ಗಾಲಿ ಸಮೇತ ತರಿಸಬೇಕು. ಆ ಬೆಲೆಗೆ ಇಂಥದೇ ಇನ್ನೊಂದು ಹಳೇ ಗಾಡಿ ಬಂದೀತು.

"ನಿಲಂಗಾ, ಉದಗೀರ ನೋಡ್ರಿ. ಉದಗೀರದಾಗ ಭಂಗಾರ ಗಲ್ಲಿ ಅದ, ಹಳೇ ಗಾಡಿ ಒಡದು ಸಾಮಾನು ಮಾರ್ತಾರ. ಆದ್ರ ಈ ಅಂಕಿ ನೋಡಲಾರದೆ ತರಬ್ಯಾಡ್ರಿ," ಎಂದು ಅವನು ಹಳೆಯ ಡಿಸ್ಕನ್ನು ಪೇಪರಿನಲ್ಲಿ ಸುತ್ತಿ ಅವಳ ಕೈಗಿತ್ತ.

ಶಿವಕಾಂತಾ ದಾಳಿಂಬ ಎಂಬ ಹಳ್ಳಿಯ ಕುರುಬರ ಮನೆಯ ಸೊಸೆ. ಆರು ವರ್ಷದಿಂದ ಪಶುಸಖಿಯಾಗಿ ಸುತ್ತಲಿನ ಹನ್ನೊಂದು ಹಳ್ಳಿಗಳ ಕುರಿ, ಮೇಕೆಗಳಿಗೆ ಲಸಿಕೆ ಹಾಕುವುದು, ಜಂತಿನ ಔಷಧಿ ಕುಡಿಸುವುದು, ಗಾಯ ತೊಳೆಯುವುದು ಅವಳ ಕೆಲಸ. ಗಾಡಿ ಅವಳ ಮಾವ ಅಮೋಘಸಿದ್ಧನದು. ಎರಡು ಟಗರು ಮಾರಿ ಅವನು ಅದನ್ನು ತಂದಾಗ ಅವರ ಓಣಿಯಲ್ಲೇ ಅದು ಮೊದಲನೆಯದು. ಅವನು ಕಾಯಿಲೆಯಾಗಿ ತೀರಿಹೋದ ಮೇಲೆ ಒಂದು ವರ್ಷ ಕೊಟ್ಟಿಗೆಯಲ್ಲಿ ಧೂಳು ತಿಂದಿತ್ತು. ಕುರಿಹಿಂಡು ತಂಗುವುದು ಡಾಂಬರು ರಸ್ತೆಯ ಮೇಲಲ್ಲ. ಎರೆಹೊಲದ ಬಂಡಿ ಜಾಡಿನಲ್ಲಿ, ಹಿಂದೆ ಲಸಿಕೆಯ ಐಸ್ ಡಬ್ಬಿ ಕಟ್ಟಿಕೊಂಡು ಹೋಗಲು ಸ್ಕೂಟಿ ಒದಗುವುದಿಲ್ಲ ಎಂದು ಅವಳೇ ಅದನ್ನು ಹೊರಗೆಳೆದಳು. ಬೆಳಗಿನ ಹೊತ್ತು ಕೆರೆಯ ಬಯಲಿನಲ್ಲಿ ನಾಲ್ಕು ಸಲ ಬಿದ್ದು ಕಲಿತಳು. ಮೊದಮೊದಲು ನಕ್ಕವರು ತಮ್ಮ ಕುರಿ ಕೆಮ್ಮಿ ಗೂರಲು ಹತ್ತಿದಾಗ ಅದೇ ಗಾಡಿಯ ದಾರಿ ಕಾದರು.

ಹೋದ ಗುರುವಾರ ಯೆಣೆಗೂರದ ಹತ್ತಿರ, ಹೊಲದ ದಾರಿ ಹೆದ್ದಾರಿಗೆ ಇಳಿಯುವ ಇಳಿಜಾರಿನಲ್ಲಿ, ಅವಳು ಬ್ರೇಕ್ ಹಿಡಿದಾಗ ಹ್ಯಾಂಡಲ್ ಜ್ವರ ಬಂದವರ ಕೈಯಂತೆ ನಡುಗಿತು. ಗಾಡಿ ನಿಲ್ಲಲಿಲ್ಲ. ಎದುರಿಗೆ ಟ್ರಕ್ಕುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಪಕ್ಕದ ಮಣ್ಣಿನ ಗುಂಡಿಗೆ ತಿರುಗಿಸಿದ್ದೊಂದೇ ಅವಳಿಗೆ ನೆನಪು. ಮೊಣಕೈಗೆ ಏಳು ಹೊಲಿಗೆ ಬಿದ್ದವು, ಮುನ್ನೂರು ಕುರಿಗಳ ಲಸಿಕೆ ಒಡೆದು ಮಣ್ಣಾಯಿತು.

ಗಂಡ ಗುರುನಾಥ ಸೊಲ್ಲಾಪುರ–ಹೈದರಾಬಾದ್ ದಾರಿಯಲ್ಲಿ ಟ್ಯಾಂಕರ್ ಓಡಿಸುತ್ತಾನೆ. ಫೋನಿನಲ್ಲಿ ಸುದ್ದಿ ಕೇಳಿ ಅವನು ಬೈಯಲಿಲ್ಲ. ಗಾಡಿ ಭಂಗಾರಕ್ಕೆ ಹಾಕಿಬಿಡು, ಹಳ್ಳಿಗಳನ್ನು ಬೇರೆಯವರು ನೋಡಿಕೊಳ್ಳಲಿ ಎಂದಷ್ಟೇ ಹೇಳಿದ. ವಾರಕ್ಕೆ ಎರಡು ಸಲ ಆ ರಸ್ತೆಯ ಮೇಲೆ ಬಿಳಿ ಬಟ್ಟೆ ಹೊದಿಸಿದ ಹೆಣ ನೋಡುವವನು ಅವನು. ಶಿವಕಾಂತಾ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಳು. ಮುಂಗಾರಿನ ಮಿರಗದ ಮಳೆಗೆ ಇನ್ನು ಹದಿನೈದು ದಿನ. ಹಸಿ ಹುಲ್ಲು ಚಿಗುರುವ ಮೊದಲು ಲಸಿಕೆ ಚುಚ್ಚದಿದ್ದರೆ ಕರುಳುಬೇನೆಯಲ್ಲಿ ಎಷ್ಟು ಮರಿ ಹೋಗುತ್ತವೆ ಎಂಬುದು ಅವಳಿಗೆ ಗೊತ್ತಿತ್ತು.

ಉದಗೀರಕ್ಕೆ ಹೊರಟ ದಿನ ಅತ್ತೆ ಚಂಪಾಬಾಯಿಯೂ ಕಚ್ಚೆ ಬಿಗಿದು, ತಲೆಯ ಮೇಲೆ ಸೆರಗೆಳೆದು ತಯಾರಾದಳು. ಕಣ್ಣು ಮಂಜಾಗಿದೆ, ಉದಗೀರದ ಡಾಕ್ಟರಿಗೆ ತೋರಿಸಬೇಕು ಎಂದಳು. ಶಿವಕಾಂತಾಳಿಗೆ ಆಶ್ಚರ್ಯವಾಯಿತು. ಆದರೆ ಜೊತೆಗೊಬ್ಬರು ಇರಲಿ ಅನ್ನಿಸಿ ಒಪ್ಪಿದಳು. ಆರು ವರ್ಷದಲ್ಲಿ ಚಂಪಾಬಾಯಿ ಸೊಸೆಯ ಗಾಡಿಯನ್ನು ಬೇಡವೆಂದವಳಲ್ಲ, ಒಂದು ದಿನ ಹಿಂದೆ ಕೂತವಳೂ ಅಲ್ಲ. ಉಮರ್ಗಾದ ಸಂತೆಗೆ ಇಬ್ಬರೂ ಒಂದೇ ಹೊತ್ತಿಗೆ ಹೊರಟರೂ ಅವಳು ಶೇರ್ ಆಟೋ ಹತ್ತುತ್ತಿದ್ದಳು.

ನಿಲಂಗಾದಲ್ಲಿ ಬಸ್ಸಿಳಿದು ಎರಡು ಅಂಗಡಿಗಳಲ್ಲಿ ಕೇಳಿದರು. ಮೊದಲನೆಯವನು ಡಿಸ್ಕನ್ನು ಕೈಗೆ ತೆಗೆದುಕೊಳ್ಳದೆ ತಲೆಯಾಡಿಸಿದ. ಎರಡನೆಯವನು, ಗಾಡಿ ಯಾರು ಹೊಡೆಯುತ್ತಾರೆ, ಅವರನ್ನೇ ಕಳಿಸಿ, ಹೆಂಗಸರಿಗೆ ಇದು ತಿಳಿಯುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದ. ಶಿವಕಾಂತಾ ಉತ್ತರ ಕೊಡುವಷ್ಟರಲ್ಲಿ ಚಂಪಾಬಾಯಿ ಮುಂದೆ ಬಂದು, "ನಮ್ಮ ಹುಡುಗನ ಗಾಡಿ. ಅಂವಾ ಡ್ಯೂಟಿ ಮ್ಯಾಲ ಹೋಗ್ಯಾನ," ಎಂದುಬಿಟ್ಟಳು. ಹೊರಗೆ ಬಂದ ಮೇಲೆ ಸೊಸೆಯ ಮುಖ ನೋಡಲಿಲ್ಲ. ಉದಗೀರದ ಬಸ್ಸಿನಲ್ಲಿ ಇಬ್ಬರೂ ಒಂದೊಂದು ಕಿಟಕಿಯ ಪಕ್ಕ ಕೂತರು.

ಉದಗೀರದ ಭಂಗಾರ ಗಲ್ಲಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಬ್ಬಿಣವೆಲ್ಲ ಕಾದಿತ್ತು. ಬಸ್ಸಿನ ಬಾಗಿಲು, ಟ್ರ್ಯಾಕ್ಟರಿನ ಬಂಪರ್, ಮುರಿದ ಪಂಪುಗಳ ನಡುವೆ ಮೋಟರ್‌ಸೈಕಲ್ಲಿನ ಸಾಮಾನನ್ನೇ ವಿಂಗಡಿಸಿ ಇಟ್ಟಿದ್ದವನೆಂದರೆ ಮೈನುದ್ದೀನ್ ಒಬ್ಬನೇ. ಅರವತ್ತು ದಾಟಿದವನು. ಮರಾಠಿ, ದಖ್ಖನಿ, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಆಡುತ್ತಿದ್ದ. ಅಲ್ಲಿಯೂ ಚಂಪಾಬಾಯಿ ಹುಡುಗನ ಗಾಡಿ ಎಂದೇ ಹೇಳಿದಳು. ಮೈನುದ್ದೀನ್ ಪೇಪರು ಬಿಚ್ಚಿ ನೋಡಿದ. ತಂತಿಗೆ ಪೋಣಿಸಿ ನೇತುಹಾಕಿದ್ದ ಡಿಸ್ಕುಗಳಲ್ಲಿ ನಾಲ್ಕೈದು ಸರಿಸಿ, ಒಂದನ್ನು ಬಿಚ್ಚಿ ಕೊಟ್ಟ. ಐದು ತೂತು. ಹಳೆಯದರ ಮೇಲಿಟ್ಟರೆ ಅಚ್ಚಿನಂತೆ ಕೂತಿತು. ಕನ್ನಡಿಯಂತೆ ಹೊಳೆಯುತ್ತಿತ್ತು.

ಶಿವಕಾಂತಾ ಅಂಕಿಯನ್ನು ಹುಡುಕಿದಳು. ಆ ಜಾಗದಲ್ಲಿ ಕಪ್ಪು ಬಣ್ಣ ಬಳಿದಿತ್ತು.

"ಹಳೇ ಮಾಲು. ಅಂಕಿ ಅಳಿಸಿ ಹೋಗ್ಯದ," ಎಂದ ಮೈನುದ್ದೀನ್.

ಕೈಯಲ್ಲಿದ್ದ ಹಳೆಯದರ ಪಕ್ಕ ಹಿಡಿದು ನೋಡಿದರೆ ಇದು ದಪ್ಪವೆಂದೇ ಅನ್ನಿಸಿತು. ಅಂಚಿಗೆ ಉಗುರು ಹಚ್ಚಿದರೆ ಎಲ್ಲೂ ತಡೆಯಲಿಲ್ಲ. ಬೆಲೆಯೂ ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಕ್ಕಿಂತ ಕಡಿಮೆ. ಮನ್ಮಥಪ್ಪನ ಮಾತು ನೆನಪಾದರೂ, ಇನ್ನೆಲ್ಲಿ ತಿರುಗುವುದು ಎಂಬ ದಣಿವು ಅದಕ್ಕಿಂತ ಜೋರಾಗಿತ್ತು. ದುಡ್ಡು ಕೊಟ್ಟು, ಡಿಸ್ಕನ್ನು ಚೀಲಕ್ಕೆ ಹಾಕಿ, ಕೈ ತೊಳೆಯಲು ಮೂಲೆಯ ನಳದ ಕಡೆ ಹೋದಳು.

ತಿರುಗಿ ಬರುವಾಗ ಅತ್ತೆಯ ದನಿ ಕೇಳಿಸಿತು. "ಪೂರಾ ಗಾಡಿ ತಂದು ಹಾಕಿದ್ರ ಏನ್ ಕೊಡ್ತೀರಿ?"

ಶಿವಕಾಂತಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಲ್ಲೇ ನಿಂತಳು. ಚಂಪಾಬಾಯಿ ಅವಳನ್ನು ಕಂಡು ಮಾತು ನಿಲ್ಲಿಸಿದಳು. ಕಣ್ಣಿನ ಡಾಕ್ಟರ ಹೆಸರನ್ನು ಅತ್ತೆ ಬೆಳಗಿನಿಂದ ಎರಡನೇ ಸಲ ಎತ್ತಲೇ ಇಲ್ಲ ಎಂಬುದು ಆಗ ಹೊಳೆಯಿತು.

"ಕಣ್ಣ ತೋರಸ್ಲಿಕ್ಕ ಬಂದೀನಿ ಅಂದಿದ್ರಿ," ಎಂದಳು.

"ಗುರು ಹೇಳ್ಯಾನ," ಎಂದಳು ಚಂಪಾಬಾಯಿ ನೆಲ ನೋಡುತ್ತ. "ನೀ ಡಿಸ್ಕ ತಂದೇ ತರ್ತಿ ಅಂತ ಅಂವಗ ಗೊತ್ತದ. ಅದಕ್ಕ ಗಾಡಿ ರೇಟ್ ಕೇಳ್ಕೊಂಡ್ ಬಾ ಅಂದ." ಸ್ವಲ್ಪ ತಡೆದು, "ಅವಂದೊಂದೇ ಅಲ್ಲ. ನೀ ರಕ್ತ ಮಾಡ್ಕೊಂಡು ಬಂದ ದಿನದಿಂದ ನಂಗೂ ಅಂಜಿಕಿ ಅದ," ಎಂದಳು.

ಸಿಟ್ಟು ಬಂದಿದ್ದರೆ ಸುಲಭವಿತ್ತು. ಶಿವಕಾಂತಾಳಿಗೆ ಬಂದದ್ದು ಅಳು, ಅದನ್ನು ಭಂಗಾರದ ಅಂಗಡಿಯಲ್ಲಿ ನಿಂತು ಅಳುವಂತಿರಲಿಲ್ಲ. ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡಳು.

ಅಷ್ಟರಲ್ಲಿ ಅಂಗಡಿಯ ಹಿಂದಿನ ಮನೆಯಿಂದ ಮೈನುದ್ದೀನನ ಹೆಂಡತಿ ಅವನನ್ನು ಕೂಗಿದಳು. ಹಿಂದೆಯೇ ಮೇಕೆಯೊಂದು ನರಳುವ ದನಿ. ಅತ್ತೆ, ಸೊಸೆ ಇಬ್ಬರೂ ಒಟ್ಟಿಗೆ ಆ ಕಡೆ ತಿರುಗಿದರು. ಆ ದನಿ ಇಬ್ಬರಿಗೂ ಗೊತ್ತಿದ್ದ ದನಿ.

ಅಂಗಳದಲ್ಲಿ ಕಂದು ಬಣ್ಣದ ಮೇಕೆ ಕಾಲು ಚಾಚಿ ಬಿದ್ದಿತ್ತು. ಎಡಗಡೆಯ ಹೊಟ್ಟೆ ಉಬ್ಬಿ ಹಲಗೆಯಂತೆ ಬಿಗಿದಿತ್ತು. ಪಕ್ಕದ ಮನೆಯ ಮದುವೆಯಲ್ಲಿ ಉಳಿದ ಅನ್ನವನ್ನು ಯಾರೋ ಗೋಡೆಯಾಚೆ ಸುರಿದಿದ್ದರು, ಅದು ಹಗ್ಗ ಬಿಚ್ಚಿಕೊಂಡು ಹೋಗಿ ಮೂಗುಮಟ್ಟ ತಿಂದಿತ್ತು. ಮೊಮ್ಮಗುವಿಗೆ ಇದರ ಹಾಲೇ ಆಧಾರ ಎಂದು ಹೆಂಡತಿ ಕಣ್ಣೊರೆಸಿಕೊಂಡಳು. ದನದ ಡಾಕ್ಟರರ ಫೋನು ಹತ್ತುತ್ತಿರಲಿಲ್ಲ.

ಶಿವಕಾಂತಾ ಚೀಲ ಕೆಳಗಿಟ್ಟು ಮೇಕೆಯ ಪಕ್ಕ ಕೂತಳು. ಬೆರಳಿನಿಂದ ಹೊಟ್ಟೆ ತಟ್ಟಿ ಕೇಳಿ, ಶೇಂಗಾ ಎಣ್ಣೆ, ಚಿಟಿಕೆ ಇಂಗು, ಒಂದು ಸಣ್ಣ ಬಾಟಲಿ ತನ್ನಿ ಎಂದಳು. ಚಂಪಾಬಾಯಿ ಯಾರೂ ಹೇಳುವ ಮೊದಲೇ ಬೇವಿನ ಗಿಡದಿಂದ ಬೆರಳು ಗಾತ್ರದ ಕಡ್ಡಿ ಮುರಿದು ತಂದಳು. ಇಬ್ಬರೂ ಸೇರಿ ಮೇಕೆಯ ಮುಂಗಾಲನ್ನು ಜಗಲಿಯ ಮೇಲಿಟ್ಟು ನಿಲ್ಲಿಸಿದರು. ಎಣ್ಣೆ ಹಾಕುವ ಹೊತ್ತಿಗೆ ಚಂಪಾಬಾಯಿ ತಾನು ಜನ್ಮವಿಡೀ ಮಾಡಿದಂತೆ ಅದರ ಮೂತಿಯನ್ನು ಆಕಾಶಕ್ಕೆ ಎತ್ತಿದಳು.

"ಅಷ್ಟು ಎತ್ತಬ್ಯಾಡ್ರಿ ಅತ್ತಿ. ಎಣ್ಣಿ ಪುಪ್ಪಸಕ್ಕ ಇಳೀತದ. ಬೆನ್ನಿಗಿ ಸಮ ಇರಲಿ."

ಕುರಿಯ ವಿಷಯದಲ್ಲಿ ಚಂಪಾಬಾಯಿಗೆ ಹೀಗೆ ಮಾಡು ಎಂದವರು ಅಮೋಘಸಿದ್ಧ ಹೋದ ಮೇಲೆ ಯಾರೂ ಇರಲಿಲ್ಲ. ಅವಳು ಒಂದು ಗಳಿಗೆ ಸೊಸೆಯ ಮುಖ ನೋಡಿ ಮೂತಿಯನ್ನು ಕೆಳಗಿಳಿಸಿದಳು. ಶಿವಕಾಂತಾ ಗುಟುಕು ಗುಟುಕಾಗಿ, ನುಂಗಿದ್ದನ್ನು ಗಂಟಲ ಮೇಲೆ ಕೈಯಿಟ್ಟು ನೋಡಿಕೊಳ್ಳುತ್ತ ಎಣ್ಣೆ ಇಳಿಸಿದಳು. ಆಮೇಲೆ ಬೇವಿನ ಕಡ್ಡಿಯನ್ನು ಬಾಯಿಗೆ ಅಡ್ಡ ಕಟ್ಟಿ, ಮೇಕೆ ಅದನ್ನು ಅಗಿಯುತ್ತಿದ್ದಂತೆ ಎಡಹೊಟ್ಟೆಯನ್ನು ಕೆಳಗಿನಿಂದ ಮೇಲಕ್ಕೆ ತಿಕ್ಕತೊಡಗಿದಳು. ಹೊಲಿಗೆ ಹಾಕಿದ ಬಲ ಮೊಣಕೈ ಪೂರ್ತಿ ಬಾಗುತ್ತಿರಲಿಲ್ಲ. ಎಡಗೈಯಲ್ಲೇ ತಿಕ್ಕಿದಳು. ಕೈ ಸೋತಾಗ ಚಂಪಾಬಾಯಿ ಕೈ ಹಚ್ಚಿದಳು.

ಮೈನುದ್ದೀನ್ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದ. ಇದನ್ನೆಲ್ಲ ಎಲ್ಲಿ ಕಲಿತೆ, ಎಷ್ಟು ಹಳ್ಳಿ ನೋಡುತ್ತೀ ಎಂದು ವಿಚಾರಿಸಿದ. ಹನ್ನೊಂದು ಎಂದಳು. ಹೇಗೆ ಹೋಗುತ್ತೀ ಎಂದ. ಅವಳು ತಲೆ ಎತ್ತದೆ, "ಗಾಡಿ ಮ್ಯಾಲ," ಎಂದಳು.

"ಯಾವ ಗಾಡಿ?"

"ಅದೇ. ಡಿಸ್ಕ ಒಯ್ದೀನಲ್ರೀ, ಅದೇ ಗಾಡಿ."

ಅವನು ಅವಳ ಚೀಲದ ಕಡೆ ನೋಡಿದ. ಅರ್ಧ ಗಂಟೆಯಾಗಿರಬೇಕು. ಮೇಕೆ ಮೈಯೆಲ್ಲ ಅಲುಗಿಸಿ ಒಂದು ದೊಡ್ಡ ತೇಗು ತೇಗಿತು. ಹುಳಿ ವಾಸನೆ ಅಂಗಳಕ್ಕೆಲ್ಲ ಹರಡಿತು. ಮತ್ತೊಂದು, ಮಗದೊಂದು. ಹೊಟ್ಟೆಯ ಬಿಗಿ ಕೈಗೆ ತಿಳಿಯುವಂತೆ ಇಳಿಯತೊಡಗಿತು. ಮೈನುದ್ದೀನನ ಹೆಂಡತಿ ಒಳಗೆ ಓಡಿ ಚಹಾಕ್ಕಿಟ್ಟಳು. ನಾಳೆಯವರೆಗೆ ಕಾಳು, ಅನ್ನ ಏನೂ ಹಾಕಬೇಡಿ, ಒಣ ಹುಲ್ಲು ಸ್ವಲ್ಪ ಹಾಕಿ, ಡಾಕ್ಟರಿಗೆ ಒಮ್ಮೆ ತೋರಿಸಿ ಎಂದು ಶಿವಕಾಂತಾ ಹೇಳಿ ಕೈ ತೊಳೆದುಕೊಂಡಳು.

ಚಹಾ ಕುಡಿದು ಎದ್ದಾಗ ಮೈನುದ್ದೀನ್ ಅವಳ ಚೀಲಕ್ಕೆ ಕೈ ಚಾಚಿದ. ಡಿಸ್ಕನ್ನು ಹೊರಗೆ ತೆಗೆದು, ಬಾಗಿಲ ಪಕ್ಕದ ರಾಶಿಯ ಮೇಲೆ ಎಸೆದ.

"ಇದು ಬ್ಯಾಡ, ಬೇಟಿ. ಇದನ್ನ ಲೇಥ್ ಮಿಷಿನ್ನಿಗಿ ಹಾಕಿ ಕೆರಸಿ ಸಪಾಟ ಮಾಡೀನಿ. ಹೊಳೀತದ, ಆದ್ರ ತೆಳ್ಳಗಾಗ್ಯದ. ಅಂಕಿ ಮ್ಯಾಲ ಬಣ್ಣ ಹಚ್ಚಿದ್ದೂ ನಾನೇ." ಅವನು ದುಡ್ಡನ್ನು ಜಗಲಿಯ ಮೇಲಿಟ್ಟ. "ಯಾರೋ ಹುಡುಗ ಹೊಡೀತಾನ ಅಂತ ಕೊಟ್ಟಿದ್ದೆ."

"ಹುಡುಗಂದು ಜೀವ ಅಲ್ಲೇನ್ರೀ?" ಎಂದಳು ಚಂಪಾಬಾಯಿ. ದನಿ ಏರಿರಲಿಲ್ಲ.

ಮೈನುದ್ದೀನ್ ರಾಶಿಯ ಮೇಲೆ ಬಿದ್ದು ಹೊಳೆಯುತ್ತಿದ್ದ ಡಿಸ್ಕಿನ ಕಡೆ ತಿರುಗಿದ. ಆಮೇಲೆ ಅದನ್ನು ಎತ್ತಿಕೊಂಡು, ಸುತ್ತಿಗೆಯಿಂದ ಎರಡು ಏಟು ಹಾಕಿ, ಇನ್ನು ಯಾರ ಗಾಡಿಗೂ ಕೂರದಂತೆ ಬಾಗಿಸಿದ. ರಟ್ಟಿನ ತುಂಡೊಂದರ ಮೇಲೆ ನಿಲಂಗಾದ ಒಂದು ವಿಳಾಸ ಬರೆದುಕೊಟ್ಟ. ಅಲ್ಲಿ ಹಿಂದೆ ಸ್ಪೇರ್ ಪಾರ್ಟ್ಸ್ ಅಂಗಡಿ ಇತ್ತು, ಮಾಲೀಕ ತೀರಿಕೊಂಡ ಮೇಲೆ ಮುಚ್ಚಿದೆ, ಕಬ್ಬಿಣದ ರ‍್ಯಾಕುಗಳನ್ನು ನಾನೇ ಕೊಂಡಿದ್ದೇನೆ, ಅಟ್ಟದ ಮೇಲಿನ ಡಬ್ಬಿಗಳನ್ನು ಮಾತ್ರ ಆ ಮನೆಯ ಯಜಮಾನಿ ಎಷ್ಟು ಕೇಳಿದರೂ ಕೊಡಲಿಲ್ಲ ಎಂದ.

ಬಸ್ಸಿನಲ್ಲಿ ಈ ಸಲ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಚಂಪಾಬಾಯಿ ದಾರಿಯುದ್ದಕ್ಕೂ ತನ್ನ ಕೈ ಮೂಸಿ ನೋಡುತ್ತಿದ್ದಳು. ಇಂಗಿನ ವಾಸನೆ ಹೋಗಿರಲಿಲ್ಲ. ಅರ್ಧ ದಾರಿಯಲ್ಲಿ ಒಮ್ಮೆ, ಮೂತಿ ಎತ್ತಿದರೆ ಪುಪ್ಪಸಕ್ಕೆ ಇಳಿಯುತ್ತದೆ ಎಂದು ಯಾರು ಹೇಳಿದರು ಎಂದು ಕೇಳಿದಳು. ತರಬೇತಿಯಲ್ಲಿ ಕಲಿಸಿದರು ಎಂದಳು ಶಿವಕಾಂತಾ. ಚಂಪಾಬಾಯಿ, ಮದುವೆಯಾದ ಹೊಸದರಲ್ಲಿ ತನ್ನ ಕೈಯಿಂದ ಎಣ್ಣೆ ಕುಡಿದ ಒಂದು ಕುರಿ ಕೆಮ್ಮಿ ಕೆಮ್ಮಿ ಸತ್ತಿತ್ತು, ಯಾಕೆಂದು ಇವತ್ತಿನವರೆಗೆ ತಿಳಿದಿರಲಿಲ್ಲ ಎಂದಳು.

ನಿಲಂಗಾದ ಆ ಮನೆ ಸಿಕ್ಕಾಗ ಬಿಸಿಲು ಇಳಿದಿತ್ತು. ಬಾಗಿಲು ತೆರೆದ ಶಿವಗಂಗಾಬಾಯಿ ಹಣೆಗೆ ವಿಭೂತಿ ಹಚ್ಚಿದ, ತೆಳ್ಳಗಿನ, ಬಿಗಿ ಮುಖದ ಹೆಂಗಸು. ಭಂಗಾರದವರು ಕಳಿಸಿದ್ದಾರೆ ಎಂದೊಡನೆ ಕದ ಹಾಕಲು ಹೋದಳು. ಕಿಲೋ ಲೆಕ್ಕದಲ್ಲಿ ಕೇಳುವವರು ಸಾಕಾಗಿದೆ, ಜನರಿಗೆ ಬೇಕಾಗುವ ಸಾಮಾನಿದು, ಕರಗಿಸಲು ಕೊಡುವುದಿಲ್ಲ ಎಂದಳು. ಶಿವಕಾಂತಾ ಪೇಪರು ಬಿಚ್ಚಿ ಹಳೆಯ ಡಿಸ್ಕನ್ನು ತೋರಿಸಿ, ತಮಗೆ ಬೇಕಾದದ್ದು ಒಂದೇ ಎಂದಳು. ಶಿವಗಂಗಾಬಾಯಿ ಅದನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಅಂಚು ಸವರಿ ಹುಬ್ಬು ಗಂಟಿಕ್ಕಿದಳು. ಗಂಡನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕೂತವಳಿಗೆ ಅದನ್ನು ಯಾರೂ ವಿವರಿಸಬೇಕಿರಲಿಲ್ಲ.

"ಇದರ ಮ್ಯಾಲ ಗಾಡಿ ಹೊಡದಾರಾ? ಯಾರು ಹೊಡೀತಾರ?"

ಶಿವಕಾಂತಾ ಬಾಯಿ ತೆರೆದಳು. ಅದಕ್ಕಿಂತ ಮೊದಲು ಚಂಪಾಬಾಯಿ ಹೇಳಿದಳು. "ನಮ್ಮ ಸೊಸಿ ಹೊಡೀತಾಳ್ರೀ. ಹನ್ನೊಂದು ಹಳ್ಳಿ ಕುರಿ ನೋಡ್ತಾಳ." ಒಂದು ಉಸಿರು ತಡೆದು, "ನಾ ಹಿಂದ ಕೂಡ್ತೀನಿ," ಎಂದಳು.

ಶಿವಕಾಂತಾ ಅತ್ತೆಯ ಕಡೆ ತಿರುಗಲಿಲ್ಲ. ತಿರುಗಿದರೆ ಆ ಮಾತು ಎಲ್ಲಿ ಹಿಂದೆ ಹೋಗುತ್ತದೋ ಅನ್ನಿಸಿತು.

ಅಟ್ಟಕ್ಕೆ ಏಣಿ ಹಚ್ಚಿ ಹತ್ತಿದವಳು ಶಿವಕಾಂತಾ, ಕೆಳಗೆ ನಿಂತು, ಎಡಕ್ಕೆ, ಇನ್ನೂ ಒಳಗೆ ಎಂದು ಹೇಳಿದವಳು ಶಿವಗಂಗಾಬಾಯಿ. ಮೂರನೇ ಸಾಲಿನಲ್ಲಿ ಚಪ್ಪಟೆ ರಟ್ಟಿನ ಡಬ್ಬಿ ಸಿಕ್ಕಿತು. ಒಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ, ಯಾವ ಗಾಲಿಯನ್ನೂ ಕಾಣದ ಡಿಸ್ಕು. ಐದು ತೂತು. ಮೂರೂವರೆ ಎಂಬ ಅಂಕಿ ನಿನ್ನೆ ಒತ್ತಿದಂತೆ ಸ್ಪಷ್ಟವಾಗಿತ್ತು. ಡಬ್ಬಿಯ ಮೇಲೆ ಆರುನೂರ ನಲವತ್ತು ಎಂದು ಅಚ್ಚಾಗಿತ್ತು. ಇವತ್ತಿಗೆ ಅದು ಬೆಲೆಯೇ ಅಲ್ಲ ಎಂದು ಶಿವಕಾಂತಾ ಹೆಚ್ಚು ಕೊಡಲು ಹೋದಳು. "ಡಬ್ಬಿ ಮ್ಯಾಲಿಂದು ಬಿಟ್ಟು ನಮ್ಮವರು ಒಂದ್ ರೂಪಾಯಿ ಎಂದೂ ಹೆಚ್ಚಿಗಿ ತಗೊಂಡಿಲ್ಲ," ಎಂದು ಶಿವಗಂಗಾಬಾಯಿ ಉಳಿದ ನೋಟುಗಳನ್ನು ಹಿಂದಕ್ಕೆ ತಳ್ಳಿದಳು. ಹೋಗುವಾಗ ಪ್ಯಾಡುಗಳನ್ನೂ ಹೊಸದು ಹಾಕಿಸು, ಹಳೆಯ ಪ್ಯಾಡು ಹೊಸ ಡಿಸ್ಕನ್ನು ತಿನ್ನುತ್ತದೆ ಎಂದಳು.

ಉಮರ್ಗಾದ ಬಸ್ಸಿಗಾಗಿ ಕಾಯುತ್ತಿದ್ದಾಗ ಚಂಪಾಬಾಯಿ ಮಗನಿಗೆ ಫೋನು ಹಚ್ಚಿಸಿಕೊಂಡಳು. ಗಾಡಿಯನ್ನು ಮಾರುವ ಮಾತು ಆಡಬೇಡ ಎಂದು ಒಂದೇ ಸಲ ಹೇಳಿದಳು. ಟ್ಯಾಂಕರಿನ ಎಂಜಿನ್ನಿನ ಸದ್ದಿನ ನಡುವೆ ಗುರುನಾಥ, ಡಿಸ್ಕು ಹೊಸದೋ ಹಳೆಯದೋ ಎಂದು ಕೇಳಿದ. ಹೊಸದು ಎಂದಾಗ ಹಿಂದಿನ ಗಾಲಿಯ ಬ್ರೇಕ್ ಲೈನರನ್ನೂ ಮನ್ಮಥಪ್ಪನಿಗೆ ತೋರಿಸಲು ಹೇಳಿ ಫೋನು ಇಟ್ಟುಬಿಟ್ಟ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಮನ್ಮಥಪ್ಪ ಮುಂದಿನ ಗಾಲಿಯನ್ನು ಕೈಯಿಂದ ತಿರುಗಿಸಿ ಬಿಟ್ಟ. ಅದು ಎಲ್ಲೂ ತಡೆಯದೆ ತಿರುಗುತ್ತಲೇ ಇತ್ತು. ಮೊದಲ ಐವತ್ತು ಕಿಲೋಮೀಟರು ಬ್ರೇಕನ್ನು ಒಮ್ಮೆಲೆ ಹಿಡಿಯಬೇಡಿ, ಮೆತ್ತಗೆ ಹಿಡಿದು ಬಿಡಿ, ಪ್ಯಾಡು ಮತ್ತು ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳಬೇಕು ಎಂದ. ಶಿವಕಾಂತಾ ಗಾಡಿ ಚಾಲೂ ಮಾಡಿ, ಆಟೋ ನಿಲ್ದಾಣದ ಕಡೆ ನೋಡಿದಳು. ಚಂಪಾಬಾಯಿ ಅಲ್ಲಿರಲಿಲ್ಲ. ಗ್ಯಾರೇಜಿನ ಕಲ್ಲಿನ ಮೆಟ್ಟಿಲ ಮೇಲೆ ನಿಂತು ಕಚ್ಚೆಯನ್ನು ಇನ್ನೊಮ್ಮೆ ಬಿಗಿಮಾಡಿಕೊಳ್ಳುತ್ತಿದ್ದಳು. ಮನ್ಮಥಪ್ಪನ ಹೆಗಲು ಹಿಡಿದು, ಗಂಡಸರಂತೆ ಎರಡೂ ಕಡೆ ಕಾಲು ಹಾಕಿ ಕೂತಳು. ಕೂತ ಮೇಲೆ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಮೊದಲು ಸೀಟು, ಆಮೇಲೆ ಸೊಸೆಯ ಸೊಂಟ ಹಿಡಿದಳು.

ಹೆದ್ದಾರಿ ಬಿಟ್ಟು ದಾಳಿಂಬದ ದಾರಿಗೆ ಹೊರಳಿ ಎರಡು ಮೈಲಿಯಾಗಿತ್ತು. ಜೋಳದ ಕೂಳೆ ನಿಂತ ಹೊಲದಿಂದ ಕುರಿಹಿಂಡೊಂದು ರಸ್ತೆಗೆ ಇಳಿಯಿತು. ಶಿವಕಾಂತಾ ದೂರದಿಂದಲೇ ಮೆತ್ತಗೆ ಬ್ರೇಕ್ ಹಿಡಿದಳು. ಗಾಡಿ ನಡುಗದೆ, ಸದ್ದಿಲ್ಲದೆ ನಿಂತಿತು. ಚಂಪಾಬಾಯಿಯ ಹಣೆ ಅವಳ ಬೆನ್ನಿಗೆ ಮೆಲ್ಲಗೆ ತಾಗಿತು.

ಕುರಿಗಳು ದಾಟುತ್ತಲೇ ಇದ್ದವು. ಚಂಪಾಬಾಯಿ ಬೆನ್ನ ಹಿಂದಿನಿಂದ ಕತ್ತು ಚಾಚಿ, ಆ ಕರೀ ಕುರಿ ಎರಡು ಮರಿ ಹಾಕುತ್ತದೆ, ಕಿವಿ ಹರಿದದ್ದು ಕುಂಟುತ್ತಿದೆ, ಗೊರಸು ನೋಡಬೇಕು ಎಂದು ತನ್ನಷ್ಟಕ್ಕೆ ಹೇಳುತ್ತಿದ್ದಳು. ಎಲ್ಲಕ್ಕೂ ಕೊನೆಯಲ್ಲಿ ಬಂದ ಮರಿಯೊಂದು ರಸ್ತೆಯ ನಡುವೆ ನಿಂತಿತು. ಗಾಡಿಯ ಹತ್ತಿರ ಬಂದು, ಮುಂದಿನ ಗಾಲಿಯ ಬೆಚ್ಚಗಿನ ಡಿಸ್ಕಿಗೆ ಮೂಗು ಹಚ್ಚಿ ಮೂಸಿತು. ಹಿಂದೆ ಬಂದ ಟೆಂಪೋ ಹಾರ್ನ್ ಹೊಡೆಯಿತು. ಶಿವಕಾಂತಾ ಬ್ರೇಕಿನ ಮೇಲಿಂದ ಬೆರಳು ತೆಗೆಯದೆ, ಅದರ ತಾಯಿ ಹೊಲದಾಚೆಯಿಂದ ಕೂಗುವವರೆಗೆ ಹಾಗೇ ನಿಂತಿದ್ದಳು.